ಒಳಜೇಬಿನ ಪಟ್ಟಿ

ಕೌಲ್ ಬಜಾರಿನ ಈ ಶೆಡ್ಡಿನಲ್ಲಿ
ಹನ್ನೊಂದು ಮಷೀನು. ಎಣಿಸಿ ಇಟ್ಟದ್ದಲ್ಲ,
ಕರೆಂಟಿನ ಬೋರ್ಡು ತಾಳುವುದು ಅಷ್ಟೇ.
ನಾನು ಆರನೆಯದು, ಓವರ್‌ಲಾಕ್.
ಮುಂದಿನವರು ತಪ್ಪಿದ್ದೆಲ್ಲ ನನ್ನ ಬಳಿ ಬಂದು
ಎಳೆ ಬಿಚ್ಚಿಕೊಂಡು ನಿಲ್ಲುತ್ತದೆ.

ಸ್ಟೀಲ್ ಚೊಂಬಿನೊಳಗೆ ಮೊಬೈಲು ಇಳಿಬಿಟ್ಟು
ಕಾಮೆಂಟರಿ ಕೇಳುತ್ತಾರೆ ಗಂಡಸರು.
ಚೊಂಬು ಯಾವ ಮಾತನ್ನೂ ದೊಡ್ಡದು ಮಾಡುತ್ತದೆ.
ಅಲ್ಲಿ, ಮೋಡ ಕವಿದ ಮೈದಾನದಲ್ಲಿ, ನಲವತ್ತಕ್ಕೆ ಮೂರು.
ಇಲ್ಲಿ ತಗಡಿನ ಕೆಳಗೆ ನಲವತ್ಮೂರು,
ಅದರ ಮೇಲೆ ಕರೆಂಟು ಬೇರೆ ಹೋಗಿದೆ.

“ಮೂರನೇ ನಂಬರಿಗೆ ಯಾರು?”
ವಣ್ಣೂರಪ್ಪನ ಪ್ರಶ್ನೆ, ವರ್ಷದಿಂದ ಅದೇ.
ಬಾಬಿನ್ ಬದಲಿಸುವಾಗ ಅದೇ,
ವಗ್ಗಾಣಿ ಮಿರ್ಚಿ ಕಟ್ಟಿಸುವಾಗಲೂ ಅದೇ.
“ಆ ಎಡಗೈ ಹುಡುಗನ್ನ ಹಾಕ್ಬೇಕು ಲೇ,
ರಣಜಿಯಾಗ ಸಾವಿರ ಹೊಡದಾನ.”
“ಹೊಡದದ್ದು ಸಪಾಟು ಪಿಚ್ಚಿನಾಗ.
ಚೆಂಡು ಎದಿಮಟ ಎದ್ದರ ಮುಖ ತಿರುವ್ತಾನ,”
ಎನ್ನುತ್ತಾನೆ ಎರ್ರಿಸ್ವಾಮಿ, ಹಲ್ಲಲ್ಲಿ ದಾರ ಕಡಿಯುತ್ತ.

ಅವನ ಕರುಣೆಯೆಲ್ಲ ಆ ಹಿರಿಯನ ಮೇಲೆ:
ಹತ್ತು ವರ್ಷ ಮೊದಲ ಚೆಂಡು ಎದುರಿಸಿದವನನ್ನು
ಈಗ ಆರಕ್ಕೆ ಇಳಿಸಿದ್ದಾರೆ.
ಮೊಣಕಾಲಂತೆ. ತಂಡದ ಹಿತವಂತೆ.
ಯಾರೂ ಎದುರಾಡಲಿಲ್ಲ.
ಹೋದ ದೀಪಾವಳಿ ಮುಗಿದ ಮೇಲೆ
ನಡುಪಟ್ಟಿ ಹೊಲಿಯುತ್ತಿದ್ದ ಎರ್ರಿಸ್ವಾಮಿಯನ್ನೂ ಸೇಠು
ಗುಂಡಿ ಒತ್ತುವ ಮಷೀನಿಗೆ ಕೂರಿಸಿದ.
ಕಣ್ಣಂತೆ. ಗಿರಾಕಿಯ ಹಿತವಂತೆ.
ಅವನ ಸ್ಟೂಲಿನ ಮೇಲೀಗ ಸೇಠುವಿನ ಅಳಿಯನ ತಮ್ಮ,
ವೇಗ ಚೆಂದ, ಹೊಲಿಗೆ ಸೊಟ್ಟ.

ಕಟಿಂಗ್ ಮಾಸ್ತರ ಖಾಜಾಹುಸೇನ್ ಮಾತು ಕಡಿಮೆ.
ಅರವತ್ತು ಪದರ ಡೆನಿಮ್ಮಿನ ಮೇಲೆ
ಒಂದೇ ಸಲ ಬ್ಲೇಡು ಇಳಿಸುವವನು,
ಕೈ ತಪ್ಪಿದರೆ ಅರವತ್ತು ಕಾಲು ಕುಂಟು ಎಂದು ಬಲ್ಲವನು.
ಅವತ್ತು ನೀಲಿ ಸೀಮೆಸುಣ್ಣ ತೆಗೆದು
ಒಳಜೇಬಿನ ಬಿಳಿ ತುಂಡಿನ ಮೇಲೆ
ಹತ್ತು ಹೆಸರು ಬರೆದ, ಒಂದರ ಕೆಳಗೊಂದು.
ಮೂರನೆಯ ಸಾಲು ಖಾಲಿ.
“ಅಲ್ಲಿ?” ಅಂದರು ಎಲ್ಲ.
“ಹುಲಿಗೆಮ್ಮ, ನೀ ಹೇಳವ್ವ.”

ನನಗೇನು ಗೊತ್ತು ಕ್ರಿಕೆಟ್ಟು?
ಗೊತ್ತು. ಹನ್ನೆರಡು ವರ್ಷ ಚೊಂಬಿನ ಮಾತು ಕೇಳಿದ ಕಿವಿ ಇದು.
ಮೂರನೆಯವನೆಂದರೆ
ಪ್ಯಾಡು ಕಟ್ಟಿ ಕೂತಿರಬೇಕಾದವನು.
ಎರಡನೇ ಚೆಂಡಿಗೇ ಕರೆ ಬಂದೀತು,
ಊಟವಾದರೂ ಬರಲಿಕ್ಕಿಲ್ಲ.
ನನ್ನ ಹೆರಿಗೆಯ ರಾತ್ರಿ
ವಿಮ್ಸ್ ಆಸ್ಪತ್ರೆಯ ಕಲ್ಲುಬೆಂಚಿನಲ್ಲಿ ನನ್ನತ್ತೆ ಕೂತಂತೆ,
ಬಿಸಿನೀರಿನ ಫ್ಲಾಸ್ಕು ತೊಡೆಯ ಮೇಲಿಟ್ಟು,
ಮುಚ್ಚಳ ತೆರೆಯದೆ, ತೂಕಡಿಸದೆ,
ಬಾಗಿಲನ್ನೂ ದಿಟ್ಟಿಸದೆ.
“ರನ್ನು ಆಮ್ಯಾಲ,” ಅಂದೆ. “ಕುಂದ್ರಾಕ ಬರೋನು ಬೇಕು.”

ಯಾರೋ ನಕ್ಕರು. ವಣ್ಣೂರಪ್ಪ ನಗಲಿಲ್ಲ.
“ಅಂಥೋನು ಯಾರದಾನ?”
ಅದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು.
ಹನ್ನೊಂದೂ ಮಷೀನು ಒಟ್ಟಿಗೆ ಗುರ್ ಎಂದವು,
ಪೀಸಿನ ಲೆಕ್ಕದ ಕೈಗಳು ನೋಡುತ್ತ ಕೂರುವುದಿಲ್ಲ,
ಆ ಬಿಳಿ ತುಂಡು ಯಾವಾಗ ಬಂಡಲ್ ಸೇರಿತೋ
ನಾನೇ ಅಂಚು ಹೊಲಿದು ಮುಂದಕ್ಕೆ ದೂಡಿದ್ದೆ.

ಶುಕ್ರವಾರ ಮುಂದಿನ ಟೆಸ್ಟಿಗೆ ತಂಡ ಸಾರಿದರು.
ಹಿರಿಯ ಇಲ್ಲ.
ಮೂರಕ್ಕೆ, ಸದ್ಯಕ್ಕೆ, ವಿಕೆಟ್ ಕೀಪರು.
ವಣ್ಣೂರಪ್ಪ ಚೊಂಬು ಬೋರಲು ಹಾಕಿದ.
ಎರ್ರಿಸ್ವಾಮಿ ಆ ದಿನ ಇನ್ನೂರ ಹದಿನಾರು ಗುಂಡಿ ಒತ್ತಿದ,
ಒಂದೂ ವಾರೆಯಿಲ್ಲ,
ಸೇಠು ನೋಡಲಿಲ್ಲ.

ಪ್ಯಾಂಟುಗಳು ಮುಂಡರಗಿಯ ವಾಷಿಂಗಿಗೆ ಹೋದವು.
“ಮೊದಲ ನೀರಿಗೇ ಹೋಗ್ತೈತೆ ಆ ಬಣ್ಣ,” ಎಂದ ಮಾಸ್ತರ.
ಹೋಗಿರಬಹುದು.
ಆದರೂ ಯಾವುದೋ ಊರಿನ ಬಸ್ಸಿನಲ್ಲಿ
ಚಿಲ್ಲರೆಗೆಂದು ಜೇಬಿಗೆ ಕೈಹಾಕಿದವನ ಬೆರಳು
ಎರಡನೆಯ ಹೆಸರು ದಾಟಿ, ನಾಲ್ಕನೆಯದು ಮುಟ್ಟುವ ಮೊದಲು
ಅಲ್ಲೇ ಒಂದಿಷ್ಟು ತಡೆದು ನಿಂತೀತು ಅನಿಸುತ್ತದೆ.
ಕಂಡಕ್ಟರು ಕಾಯುತ್ತಿರುತ್ತಾನೆ.